ಹನಿಯಪ್ಪನ ಎರಡು ದಿಬ್ಬ

ಆ ಮಂಗಳವಾರ ಬೆಳಿಗ್ಗೆ ಒಂಬತ್ತರಿಂದ ಹತ್ತೂಕಾಲರವರೆಗೆ ಪ್ರಯೋಗಾಲಯದಲ್ಲಿ ಭಾವ ತಮ್ಮ ಹೆಂಡತಿಯ ತಮ್ಮನನ್ನು ಬಾಯಿತುಂಬ ಬೈದರು.

"ಇವನಿಗೆ ಹೊತ್ತು ಅನ್ನೋದು ಒಂದಿದೆ ಅಂತ ಯಾರಾದರೂ ಹೇಳಿದ್ದಾರಾ? ಶೀತಲಕೋಣೆಯ ಬೀಗದ ಕೈ ಜೇಬಲ್ಲಿ ಇಟ್ಟುಕೊಂಡು ಎಲ್ಲಿ ಸುತ್ತುತ್ತಿದ್ದಾನೆ? ಬರಲಿ, ಇವತ್ತು ಇದೆ ಅವನಿಗೆ."

ಹತ್ತೂಕಾಲಿಗೆ ಗೋಡೆಯ ಫೋನು ಹೊಡೆದುಕೊಂಡಿತು. ಮನೆಯಿಂದ ಹೊರಟವನು ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ, ಕೂತಲ್ಲೇ ಹೋಗಿಬಿಟ್ಟಿದ್ದ. ಅಂಗಡಿಯವನು ಹೇಳಿದ ಹೊತ್ತು ಎಂಟೂ ಮುಕ್ಕಾಲು. ಅಂದರೆ ಅಷ್ಟು ಹೊತ್ತೂ ಬೈದದ್ದೆಲ್ಲ ಸತ್ತವನ ಮೇಲೆ ಬಿದ್ದಿತ್ತು. ಭಾವ ಫೋನು ಕೆಳಗಿಟ್ಟು, ಕಲಕುತ್ತಿದ್ದ ದ್ರಾವಣದ ಹುಳಿ ಎಷ್ಟಿದೆ ಎಂದು ಮೀಟರಿನಲ್ಲಿ ನೋಡಿದರು, ಸರಿಯಾಗಿಯೇ ಇತ್ತು, ಮತ್ತೆ ನೋಡಿದರು. ಮೂರನೆಯ ಸಲ ನೋಡುವಾಗ ಅಂಕಿಗಳು ಕಾಣಿಸಲಿಲ್ಲ.

ಆ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ಭಾಮೈದ ದಿನಕ್ಕೆ ನೂರು ಸಲ "ಭಾವ, ಭಾವ" ಎಂದು ಕೂಗಿ ಕೂಗಿ ಅದೇ ಹೆಸರು ಉಳಿದುಹೋಗಿತ್ತು. ಅಲ್ಲಿನ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಅನ್ನುವವರು, ಅವರೂ "ಭಾವನವರೇ" ಅನ್ನುತ್ತಿದ್ದರು; ಆಕೆಯ ಗಂಡ ಒಮ್ಮೆ ಅದನ್ನು ಕೇಳಿ ಗಾಬರಿಯಾಗಿ, ಇದು ಯಾವ ಕಡೆಯ ಸಂಬಂಧ ಎಂದು ಹೆಂಡತಿಯನ್ನು ವಿಚಾರಿಸಿದ್ದನಂತೆ. ಭಾವನೂ ಸುಮ್ಮನಿರಲಿಲ್ಲ. ಗಾಜಿನ ಕೊಳವೆಯ ಕೆಳಗೆ ಕೂತು ಬೀಳುವ ಹನಿಗಳನ್ನು ಎಣಿಸುವುದೇ ಭಾಮೈದನ ಕೆಲಸವಾದ್ದರಿಂದ ಅವನಿಗೆ ಹನಿಯಪ್ಪ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡಿದ್ದರು.

ಇಬ್ಬರದೂ ಒಂದೇ ಮನೆ, ಒಂದೇ ಊಟ. ಹನಿಯಪ್ಪ ಒಂಟಿ, ಅಕ್ಕನೇ ಅವನನ್ನು ಸಾಕಿದವಳು, ಮದುವೆಯಾಗಿ ಬರುವಾಗ ಜೊತೆಯಲ್ಲಿ ಕರೆದುಕೊಂಡು ಬಂದವಳು. ಮೂವತ್ತೆಂಟು ವರ್ಷ ಒಂದು ಗೋಡೆಯ ಈಚೆ ಭಾವ ಹುಳಿ ಏರದಂತೆ ಇಳಿಯದಂತೆ ಹಿಡಿದಿಡುವ ಬಫರ್ ದ್ರಾವಣ ಕಲಸುತ್ತಿದ್ದರು, ಆಚೆ ಶೀತಲಕೋಣೆಯಲ್ಲಿ ಅವನು ಅದನ್ನು ಕೊಳವೆಯಲ್ಲಿ ಇಳಿಸುತ್ತಿದ್ದ.

ಕೆಲಸ ಹೇಳಿದರೆ ಸರಳ. ಉದ್ದನೆಯ ಗಾಜಿನ ಕೊಳವೆಯಲ್ಲಿ ಸಾಸಿವೆಗಿಂತ ಸಣ್ಣ ರಾಳದ ಮಣಿಗಳನ್ನು ತುಂಬಿರುತ್ತಾರೆ. ಆ ಮಣಿಗಳಿಗೆ ಒಂದು ವಿದ್ಯುದಾವೇಶ ಇರುತ್ತದೆ, ಧನ ಇಲ್ಲವೇ ಋಣ. ಬೆರಕೆ ಸಾರವನ್ನು ಮೇಲಿನಿಂದ ಸುರಿದರೆ ಮಣಿಗೆ ವಿರುದ್ಧವಾದ ಆವೇಶ ಇರುವುದು ಅಂಟಿಕೊಳ್ಳುತ್ತದೆ. ಮಣಿಯದೇ ಆವೇಶ ಇರುವುದೂ ಯಾವ ಆವೇಶವೂ ಇಲ್ಲದ್ದೂ ನಿಲ್ಲದೆ ಇಳಿದುಹೋಗುತ್ತವೆ. ಆಮೇಲೆ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ಉಪ್ಪಾಗಿಸುತ್ತ ಬಿಡಬೇಕು. ಉಪ್ಪಿನ ಕಣಗಳಿಗೂ ಆವೇಶ ಉಂಟು. ಅವು ಗುಂಪು ಕಟ್ಟಿಕೊಂಡು ಬಂದು, ಮಣಿಯ ಮೇಲೆ ಕೂತವರನ್ನು "ಸ್ವಲ್ಪ ಏಳ್ರೀ" ಎಂದು ಎಬ್ಬಿಸುತ್ತವೆ. ಸಡಿಲವಾಗಿ ಕೂತದ್ದು ಮೊದಲು ಏಳುತ್ತದೆ, ಬಿಗಿಯಾಗಿ ಹಿಡಿದದ್ದು ಕೊನೆಗೆ. ಹೀಗೆ ಒಂದಾದ ಮೇಲೊಂದು ಇಳಿಯುವುದನ್ನು ಸಾಲಾಗಿಟ್ಟ ನಳಿಕೆಗಳಲ್ಲಿ ಹಿಡಿದು, ಯಾವ ನಳಿಕೆಯಲ್ಲಿ ಎಷ್ಟು ಪದಾರ್ಥವಿದೆ ಎಂದು ಬೆಳಕಿನ ಯಂತ್ರದಲ್ಲಿ ಅಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾರೆ. ಒಂದು ಪದಾರ್ಥ ಬಂದಲ್ಲಿ ಒಂದು ದಿಬ್ಬ ಏಳುತ್ತದೆ.

ಹನಿಯಪ್ಪನ ಕೊನೆಯ ಮೂರು ವರ್ಷವೆಲ್ಲ ಒಂದು ಕಾಡುಬಳ್ಳಿಯ ಬೀಜದ ಸಾರಕ್ಕೆ ಹೋಗಿತ್ತು. ಅದನ್ನು ಹಚ್ಚಿದರೆ ಕಾಲ್ಬೆರಳ ಸಂದಿಯ ಹುಣ್ಣು ವಾಸಿಯಾಗುತ್ತಿತ್ತು, ಆದರೆ ಹಚ್ಚಿಕೊಂಡವರು ಮೈ ಕೆರೆದು ಕೆರೆದು ಹುಚ್ಚರಂತಾಗುತ್ತಿದ್ದರು. ಸಾರದಲ್ಲಿರುವುದು ಒಂದೇ ಪ್ರೋಟೀನು, ಗುಣ ಮಾಡುವುದೂ ತುರಿಸುವುದೂ ಅದೇ, ಬಿಟ್ಟುಬಿಡಿ ಎಂದು ಎಲ್ಲರೂ ಹೇಳಿದರು. ಒಂದಲ್ಲ, ಎರಡಿವೆ, ಅಕ್ಕಪಕ್ಕ ಅಂಟಿಕೊಂಡು ಇಳಿಯುತ್ತವೆ, ಅಷ್ಟೇ. ಬೇರೆ ಮಾಡಬಹುದು ಎಂದು ಅವನೊಬ್ಬ ಹೇಳಿದ. ಆಗ ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. "ನಿನಗೆ ಕನ್ನಡಕ ಬದಲಾಯಿಸಬೇಕು, ಒಂದು ಎರಡಾಗಿ ಕಾಣ್ತಿದೆ" ಎಂದಿದ್ದರು.

ಮಣ್ಣಾದ ಎಂಟನೆಯ ದಿನ ಭಾವ ಕೆಲಸಕ್ಕೆ ಹೋದಾಗ ದೊಡ್ಡ ಮೇಡಂ ಕರೆದು ಕೂರಿಸಿ ಮೆಲ್ಲಗೆ ಹೇಳಿದರು. "ಭಾವನವರೇ, ಶುಕ್ರವಾರ ಬೀಜದ ಸಾರದ ವರದಿ ಕಳಿಸಬೇಕು. ಅವರು ಎರಡು ಅಂತಿದ್ದರು, ಆದರೆ ತೋರಿಸೋಕೆ ಒಂದು ಗ್ರಾಫೂ ಸಿಕ್ಕಿಲ್ಲ, ಅವರ ನೋಟುಬುಕ್ಕು ನನಗೆ ಓದೋಕೆ ಬರ್ತಿಲ್ಲ. ಬರೀ ಬಾಯಿಮಾತು ನಾನು ಹೇಗೆ ಬರೀಲಿ? ಒಂದೇ ಅಂತ ಬರೆದು ಮುಗಿಸ್ತೀನಿ."

"ಸಾರ ಉಳಿದಿದೆಯಾ?"

"ಒಂದು ಶೀಶೆ. ಬಳ್ಳಿ ಮತ್ತೆ ಕಾಯಿ ಬಿಡೋದು ಬರುವ ವರ್ಷ. ಅಷ್ಟು ಹೊತ್ತಿಗೆ ಈ ಕೆಲಸ ಮುಚ್ಚಿರುತ್ತೆ."

"ಗುರುವಾರ ಸಂಜೆವರೆಗೆ ಇರಿ," ಎಂದರು ಭಾವ, ಅವರಿಗೇ ಆಶ್ಚರ್ಯವಾಗುವಷ್ಟು ಒರಟಾಗಿ. "ಆ ಶೀಶೆ ನನಗೆ ಕೊಡಿ."

ಬುಧವಾರ ಕುಲಾವಿ, ಮಫ್ಲರು, ಎರಡು ಸ್ವೆಟರು ಹಾಕಿಕೊಂಡು ಭಾವ ಶೀತಲಕೋಣೆ ಹೊಕ್ಕರು. ಹೊಕ್ಕ ಕ್ಷಣದಿಂದ ಸಿಟ್ಟು ಶುರುವಾಯಿತು. ಮೂವತ್ತೆಂಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ ಮನುಷ್ಯ ಒಂದು ವಸ್ತುವನ್ನಾದರೂ ಕಣ್ಣಿಗೆ ಕಾಣುವಲ್ಲಿ ಇಟ್ಟಿರಬಾರದೇ? ರಬ್ಬರಿನ ನಳಿಗಳು ಚಹದ ಡಬ್ಬಿಯಲ್ಲಿ, ಬಿರಡೆಗಳು ಹಳೆಯ ಕಾಲುಚೀಲದಲ್ಲಿ. ನಳಿಕೆಗಳನ್ನು ತಾನಾಗಿ ತಿರುಗಿಸುವ ಯಂತ್ರ ಕೆಟ್ಟು ಆರು ವರ್ಷವಾಗಿತ್ತು. ಅದರ ಮೇಲೆ ಟವೆಲು ಒಣಗಹಾಕಿದ್ದ. ನೋಟುಬುಕ್ಕಿನ ಅಕ್ಷರವೋ, ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದ ಹಾಗೆ.

ಮಣಿ ತುಂಬಿದ ಕೊಳವೆಗಳು ಎರಡು ನಿಂತಿದ್ದವು. ಒಂದಕ್ಕೆ ಅಂಟಿಸಿದ ಚೀಟಿಯಲ್ಲಿ 'ಧನ', ಇನ್ನೊಂದಕ್ಕೆ 'ಋಣ'. ಅಷ್ಟಾದರೂ ಬರೆದನಲ್ಲ ಎಂದು ಭಾವನಿಗೆ ಸಮಾಧಾನವಾಯಿತು. ತಮ್ಮ ಬಫರಿನ ಹುಳಿಯಲ್ಲಿ ಈ ಬೀಜದ ಪ್ರೋಟೀನಿಗೆ ಧನ ಆವೇಶ ಇರುತ್ತದೆ ಎಂಬುದು ಅವರಿಗೆ ನಿದ್ದೆಯಲ್ಲೂ ಗೊತ್ತು. ಧನ ಅಂಟಬೇಕಾದರೆ ಮಣಿ ಋಣವಾಗಿರಬೇಕು. 'ಋಣ' ಎಂಬ ಕೊಳವೆಯನ್ನು ಬಫರಿನಿಂದ ತೊಳೆದು, ಶೀಶೆಯ ಸಾರವನ್ನೆಲ್ಲ ಸುರಿದರು. ಮೇಲೆ ಬಫರ್ ಬಿಟ್ಟರು. ಕೆಳಗೆ ಇಳಿದದ್ದನ್ನು ಬೀಕರಿನಲ್ಲಿ ಹಿಡಿದು, ಸುಮ್ಮನೆ ಶಾಸ್ತ್ರಕ್ಕೆ ಅಳೆದು ನೋಡಿದರು. ಮೂರು ವರ್ಷದ ಸಾರ ಒಂದು ಚೂರೂ ಅಂಟದೆ, ಮಣಿಗಳನ್ನು ಮಾತಾಡಿಸದೆ, ನೆಟ್ಟಗೆ ಬೀಕರಿಗೆ ಬಂದು ಕೂತಿತ್ತು.

ಹುಳಿ ನೋಡಿದರು, ಸರಿ. ಉಪ್ಪೇನಾದರೂ ಬೆರೆತಿದೆಯೇ ನೋಡಿದರು, ಇಲ್ಲ. ಚೀಟಿಯನ್ನು ನಾಲ್ಕು ಸಲ ಓದಿದರು. ಋಣ.

"ಹಾಳಾದವನೇ," ಎಂದು ಖಾಲಿ ಕೋಣೆಯಲ್ಲಿ ಕೂಗಿದರು, "ಸತ್ತ ಮೇಲೂ ನನ್ನ ಪ್ರಾಣ ತಿನ್ನಬೇಕಾ?" ಬಾಯಿಂದ ಬಂದ ಹಬೆ ಗಾಜಿನ ಮೇಲೆ ಕೂತಿತು. ಬೀಕರಿಗೆ ಮುಚ್ಚಳ ಹಾಕಿ ಇಟ್ಟು ಮನೆಗೆ ಹೋದರು.

ಅಕ್ಕ ಒಲೆಯ ಮುಂದೆ ನಿಂತಿದ್ದಳು. ಒಂಬತ್ತು ದಿನದಿಂದ ಬಂದವರೆಲ್ಲ ಋಣ ತೀರಿತು, ಋಣ ತೀರಿತು ಎಂದು ಹೇಳಿ ಹೇಳಿ ಆಕೆಗೆ ಆ ಮಾತೇ ಬೇಡವಾಗಿತ್ತು. ಈಗ ಗಂಡನೂ ಬಂದು ಋಣ ಋಣ ಎಂದು ಹಾರಾಡಿದ್ದು ನೋಡಿ ಸೌಟು ಕುಕ್ಕಿದಳು.

"ನಿಮ್ಮದೇನ್ರೀ ಇನ್ನು?"

"ಋಣ ಅಂತ ಬರೆದಿದ್ದಾನೆ ಕಣೇ ನಿನ್ನ ತಮ್ಮ, ದಪ್ಪಕ್ಷರದಲ್ಲಿ! ಮಣಿ ಋಣ ಆದರೆ ಧನ ಅಂಟಬೇಕು ತಾನೇ? ಅಂಟಲಿಲ್ಲ. ಸುಳ್ಳು ಬರೆದಿಟ್ಟು ಹೋಗಿದ್ದಾನೆ."

"ಅವನು ಸುಳ್ಳು ಬರೆಯೋನಲ್ಲ. ಆ ಸಕ್ಕರೆ ಡಬ್ಬಿ ಕೊಡಿ ಈ ಕಡೆ."

ಭಾವ ಕೊಟ್ಟರು. "ಹಾಗಾದರೆ ನನಗೆ ಓದೋಕೆ ಬರಲ್ಲ ಅಂತೀಯಾ?"

ಅಕ್ಕ ಡಬ್ಬಿಯನ್ನು ಅವರ ಮೂಗಿನ ಹತ್ತಿರ ಹಿಡಿದಳು. "ಇದು ಏನು?"

"ಸಕ್ಕರೆ ಡಬ್ಬಿ."

"ಸಕ್ಕರೆಯಿಂದ ಮಾಡಿದ್ದಾ?"

ಭಾವ ಬಗ್ಗಿ ಡಬ್ಬಿಯ ತಳ ನೋಡಿದರು.

"ತಗಡಿನ ಡಬ್ಬಿ," ಎಂದಳು ಅಕ್ಕ. "ಒಳಗೆ ಏನು ಕೂರುತ್ತೋ ಅದರ ಹೆಸರು ಹೇಳ್ತೀವಿ. ಅವನೂ ಹಾಗೇ ಬರೆದಿರ್ತಾನೆ. ಋಣ ಹಿಡಿಯೋ ಕೊಳವೆ, ಧನ ಹಿಡಿಯೋ ಕೊಳವೆ. ನನ್ನ ಅಡಿಗೆಮನೇಲಿ ಬೆಳೆದ ಹುಡುಗ ಇನ್ನೇನು ಬರೀತಾನೆ?"

ಭಾವ ಮಣೆ ಎಳೆದುಕೊಂಡು ಕೂತರು. ಮೂವತ್ತೆಂಟು ವರ್ಷ ತಾವು ತಮ್ಮ ಶೀಶೆಗಳಿಗೆ ಶೀಶೆಯೊಳಗಿನ ವಸ್ತುವಿನ ಗುಣ ಬರೆದರು. ಅವನು ಕೊಳವೆಗಳಿಗೆ ಬರುವ ಅತಿಥಿಯ ಹೆಸರು ಬರೆದ. ಒಬ್ಬರ ವಸ್ತು ಇನ್ನೊಬ್ಬರು ಮುಟ್ಟಬಾರದೆಂದು ಹಟ ಹಿಡಿದಿದ್ದರಿಂದ ಗೊತ್ತೇ ಆಗಲಿಲ್ಲ. ಇನ್ನೂ ಸಂಕಟದ ಸಂಗತಿ ಎಂದರೆ, ನೆನಪು ಮಾಡಿಕೊಂಡರೆ ಪುಸ್ತಕದಲ್ಲೂ ಅವನು ಬರೆದ ರೀತಿಯೇ ಇತ್ತು.

"ಒಂದು ಮಾತು ಹೇಳಬಾರದಿತ್ತಾ ನನಗೆ?"

"ಕೇಳಿದ್ದಿರಾ?" ಎಂದಳು ಅಕ್ಕ. "ಸಾರ ಚೆಲ್ಲಿಬಿಟ್ಟಿರಾ?"

"ಇಲ್ಲ. ಇದೆ. ಆದರೆ ಒಂದು ಲೋಟದಷ್ಟು ನೀರಲ್ಲಿ ಕಲಸಿಹೋಗಿದೆ."

"ಹಾಗಾದರೆ ಕೆಟ್ಟಿತಾ?"

ಭಾವ ಯೋಚಿಸಿದರು. ಕೆಟ್ಟಿರಲಿಲ್ಲ. ಈ ಮಣಿಗಳ ದೊಡ್ಡ ಗುಣವೇ ಅದು. ಎಷ್ಟು ನೀರಲ್ಲಿ ತೆಳ್ಳಗೆ ಬಂದರೂ ತನ್ನದನ್ನು ಹಿಡಿದು, ಮಿಕ್ಕ ನೀರನ್ನು ಬಿಟ್ಟುಬಿಡುತ್ತವೆ. ಇನ್ನೊಂದು ಕೊಳವೆಗೆ ಸುರಿದರೆ ಎಲ್ಲ ಮತ್ತೆ ಒಂದೆಡೆ ಸೇರುತ್ತದೆ.

"ನಾಳೆ ನಾನೂ ಬರ್ತೀನಿ," ಎಂದಳು ಅಕ್ಕ. "ನಿಮ್ಮೊಬ್ಬರ ಕೈಯಲ್ಲಿ ಬಿಟ್ಟರೆ ಅವನ ಕೆಲಸ ಮುಗಿದ ಹಾಗೇ."

ಗುರುವಾರ ಬೆಳಿಗ್ಗೆ ಆರಕ್ಕೆ ಇಬ್ಬರೂ ಶೀತಲಕೋಣೆಯಲ್ಲಿದ್ದರು. ಬೀಕರಿನದ್ದನ್ನು 'ಧನ' ಕೊಳವೆಗೆ ಸುರಿದು, ಕೆಳಗಿಳಿದದ್ದನ್ನು ಅಳೆದರು, ಬರೀ ನೀರು. ಅಂಟಿತ್ತು. ಅಕ್ಕ ತಮ್ಮನ ಸ್ಟೂಲಿನ ಮೇಲೆ ಶಾಲು ಹೊದ್ದು ಕೂತು, ಗೆದ್ದವಳಂತೆ ಗಂಡನನ್ನು ನೋಡಿದಳು. ಭಾವ ಆ ಕಡೆ ನೋಡಲಿಲ್ಲ.

ಇನ್ನು ಉಪ್ಪುನೀರು ಬಿಡಬೇಕು. ಎಷ್ಟು ನಿಧಾನವಾಗಿ? ಎಲ್ಲರೂ ಒಂದೇ ದಿಬ್ಬ ಕಂಡದ್ದು ಸರಸರನೆ ಬಿಟ್ಟಿದ್ದರಿಂದ ಎಂದು ಅವನು ಬಡಿದುಕೊಳ್ಳುತ್ತಿದ್ದ. ಭಾವ ನೋಟುಬುಕ್ಕಿನಲ್ಲಿ ಆ ಸಾಲು ಹುಡುಕಿದರು. ಸಿಕ್ಕಿತು. ಓದಿ ಮುಖ ಕೆಂಪಗಾಯಿತು.

"ಏನು ಬರೆದಿದ್ದಾನೆ?" ಎಂದಳು ಅಕ್ಕ.

"ಏನೂ ಇಲ್ಲ."

"ಓದಿ ಅಂದೆ."

ಭಾವ ಓದಿದರು. "'ಹನಿಯ ವೇಗ: ಭಾವ ನೋಡಿ ಥೂ ಅನ್ನುವ ವೇಗದ ಅರ್ಧ.'"

ಅಕ್ಕ ಹತ್ತು ದಿನದಲ್ಲಿ ಮೊದಲ ಸಲ ನಕ್ಕಳು. ನಗುತ್ತ ಶಾಲಿನಿಂದ ಕಣ್ಣೊರೆಸಿಕೊಂಡಳು.

"ಇದು ವಿಜ್ಞಾನವಾ? ನಿಮಿಷಕ್ಕೆ ಇಷ್ಟು ಹನಿ ಅಂತ ಬರೆಯೋಕೆ ಕೈ ಸೇದಿಹೋಗಿತ್ತಾ? ಈಗ ನಾನು ಎಲ್ಲಿಂದ ತರಲಿ ಆ ವೇಗ?"

"ನೀವು ಇಲ್ಲೇ ಇದ್ದೀರಲ್ಲ. ಅನ್ನಿ."

"ಏನು ಅನ್ನಲಿ?"

"ಥೂ ಅನ್ನಿ. ನಿಮಗೆ ಅದೇನು ಕಷ್ಟದ ಮಾತಾ?"

ಭಾವ ಗೊಣಗುತ್ತ ಕೊಳವೆಯ ಕೆಳಗಿನ ತಿರುಪನ್ನು ಬಿಗಿಮಾಡುತ್ತ ಹೋದರು. ಹನಿಗಳು ಮೊದಲು ಓಡಿದವು, ಆಮೇಲೆ ನಡೆದವು. ನಿಮಿಷಕ್ಕೆ ಇಪ್ಪತ್ತೈದಿದ್ದಾಗ ಭಾವ ಸುಮ್ಮನಿದ್ದರು. ಇಪ್ಪತ್ತಕ್ಕೆ ಇಳಿದಾಗ ಕಾಲು ಕುಣಿಸತೊಡಗಿದರು. ಇನ್ನೂ ಬಿಗಿಮಾಡಿ, ಒಂದು ಹನಿ ತುದಿಯಲ್ಲಿ ಬೆಳೆದು ಬೆಳೆದು ಬೀಳದೆ ಜೋತು ನಿಂತಾಗ, ಪರೀಕ್ಷೆ ಮರೆತು, ಹೊಟ್ಟೆಯೊಳಗಿನಿಂದ "ಥೂ, ಬೀಳೋ ಮಾರಾಯ!" ಎಂದುಬಿಟ್ಟರು.

"ಹದಿನಾಲ್ಕು," ಎಂದಳು ಗಡಿಯಾರ ಹಿಡಿದಿದ್ದ ಅಕ್ಕ. "ಅರ್ಧ ಅಂದರೆ ಏಳು."

ನಿಮಿಷಕ್ಕೆ ಏಳು ಹನಿ. ನಳಿಕೆಗೆ ನಲವತ್ತು ಹನಿ. ಅಕ್ಕ ಎಣಿಸಿ ನಳಿಕೆ ಬದಲಾಯಿಸಿದಳು. ಭಾವ ತುಂಬಿದ ನಳಿಕೆಯನ್ನು ಪಕ್ಕದ ಕೋಣೆಯ ಯಂತ್ರಕ್ಕೆ ಒಯ್ದು ಅಳೆದು ಚುಕ್ಕೆ ಇಟ್ಟರು. ಅಷ್ಟು ಬೇಸರದ ಕೆಲಸವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ. ಇಪ್ಪತ್ತು ನಳಿಕೆಯವರೆಗೆ ಗೆರೆ ನೆಲಕ್ಕೆ ಅಂಟಿಕೊಂಡೇ ಹೋಯಿತು. ಪ್ರತಿ ಸಲ ಬಾಗಿಲು ತೆರೆದಾಗ ಚಳಿ, ಮುಚ್ಚಿದಾಗ ಚಳಿ. "ಇದನ್ನೇ ಅವನು ಮೂರು ವರ್ಷ ಮಾಡಿದನಾ? ಮನುಷ್ಯನಾ ಅವನು?" ಎಂದರು. "ಮೂವತ್ತೆಂಟು ವರ್ಷ," ಎಂದಳು ಅಕ್ಕ, "ಮಾತಾಡಿಸಬೇಡಿ, ಎಣಿಕೆ ತಪ್ಪುತ್ತೆ."

ಮೂವತ್ತೊಂದನೆಯ ನಳಿಕೆಯಿಂದ ಚುಕ್ಕೆಗಳು ಮೇಲೇರತೊಡಗಿದವು. ಮೂವತ್ತಾರಕ್ಕೆ ತುದಿ ಮುಟ್ಟಿ ಇಳಿದವು. ಒಂದು ದಿಬ್ಬ. ಇಷ್ಟೇ ಆದರೆ ಜಗತ್ತೆಲ್ಲ ಹೇಳಿದ್ದೇ ಸರಿ, ನಕ್ಕದ್ದೂ ಸರಿ. ನಲವತ್ತರಲ್ಲಿ ಗೆರೆ ಪೂರ್ತಿ ನೆಲಕ್ಕೆ ಬಂತು. ನಲವತ್ತೊಂದು, ನೆಲ. ನಲವತ್ತೆರಡು, ನೆಲ. ನಲವತ್ಮೂರನೆಯದನ್ನು ಅಳೆದು, ನಳಿಕೆ ಒರೆಸಿ ಮತ್ತೊಮ್ಮೆ ಅಳೆದು, ಓಡಿಬಂದರು.

"ಏಳ್ತಿದೆ ಕಣೇ!"

"ಕೂಗಬೇಡಿ. ಇಪ್ಪತ್ತೊಂಬತ್ತು... ಮೂವತ್ತು..."

ಎರಡನೆಯ ದಿಬ್ಬ ಮೊದಲನೆಯದಕ್ಕಿಂತ ಗಿಡ್ಡ, ಆದರೆ ಯಾರೂ ಅಲ್ಲವೆನ್ನಲಾಗದಷ್ಟು ಬೇರೆ. ನಡುವೆ ಬಯಲು. ಐವತ್ತೆರಡಕ್ಕೆ ಅದೂ ಇಳಿದು ಮುಗಿಯಿತು. ಅರವತ್ತೊಂದರವರೆಗೆ ಏನೂ ಇಲ್ಲ. ಗಡಿಯಾರ ಎರಡು ದಾಟಿತ್ತು. ಭಾವನಿಗೆ ಹಸಿವು, ಮಂಡಿನೋವು, ಗೆಲುವು ಎಲ್ಲ ಒಟ್ಟಿಗೆ ಆಗಿತ್ತು.

"ಸಾಕು, ಮುಚ್ಚು. ಎರಡು ಅಂದಿದ್ದ, ಎರಡು ಬಂತು. ನಡಿ, ಊಟ ಮಾಡೋಣ."

ಅಕ್ಕ ಮೇಲಿನ ಪಾತ್ರೆ ನೋಡಿದಳು. "ಉಪ್ಪುನೀರು ಇನ್ನೂ ಇದೆಯಲ್ಲ?"

"ಇದ್ದರೆ ಇರಲಿ. ಇನ್ನೇನು ಬರುತ್ತೆ ಅದರಲ್ಲಿ?"

"ನನಗೇನು ಗೊತ್ತು? ಅವನ ಕೆಲಸ, ಪೂರ್ತಿ ಆಗಲಿ. ನಿಮಗೆ ಹಸಿವಾದರೆ ಹೋಗಿ ತಿನ್ನಿ." ಆಕೆ ಸ್ಟೂಲಿನಿಂದ ಏಳಲಿಲ್ಲ.

ಹೆಂಡತಿಯನ್ನು ಬಿಟ್ಟು ಉಣ್ಣುವುದೂ ಆಗದೆ, ನಿಲ್ಲುವುದೂ ಆಗದೆ, ಭಾವ ಕಾಲೆಳೆಯುತ್ತ ನಳಿಕೆ ಹೊತ್ತರು. ಅರವತ್ತೆರಡು. ಅರವತ್ಮೂರು. ಅರವತ್ತೇಳನೆಯದನ್ನು ಅಳೆದವರು ಬಹಳ ಹೊತ್ತಾದರೂ ವಾಪಸು ಬರಲಿಲ್ಲ. ಅಕ್ಕನೇ ಎದ್ದು ಹೋಗಿ ಮುಂದಿನ ನಳಿಕೆಗಳನ್ನು ಕೊಟ್ಟು ಬಂದಳು. ಹಾಳೆಯ ಬಲತುದಿಯಲ್ಲಿ, ಸಣ್ಣದಾಗಿ, ಚೊಕ್ಕವಾಗಿ, ಮೂರನೆಯ ದಿಬ್ಬ ಎದ್ದಿತ್ತು. ಎಲ್ಲಕ್ಕಿಂತ ಬಿಗಿಯಾಗಿ ಹಿಡಿದು ಕೂತಿದ್ದದ್ದು.

ಭಾವನಿಗೆ ಆವೇಶ ಬಂತು. "ನೋಡು! ಎರಡಂತೆ, ಎರಡು! ಮೂರು ವರ್ಷ ನನ್ನ ಹತ್ತಿರ ಜಗಳವಾಡಿದನಲ್ಲ ಎರಡು ಎರಡು ಅಂತ! ಎಣಿಸೋದೇ ಕಸುಬು ಮಾಡಿಕೊಂಡವನಿಗೆ ಮೂರರವರೆಗೆ ಎಣಿಸೋಕೆ ಬರಲಿಲ್ಲ! ಎಲ್ಲಿ ನಿಲ್ಲಿಸಿದ್ದನೋ ನೋಡೇಬಿಡ್ತೀನಿ." ನೋಟುಬುಕ್ಕನ್ನು ಕೊನೆಯ ಪುಟಕ್ಕೆ ತಿರುವಿದರು. ಸಾಯುವುದಕ್ಕೆ ಐದು ದಿನ ಮುಂಚಿನ ತಾರೀಖು. ನಳಿಕೆಗಳ ಅಂಕಿಗಳು ಅರವತ್ತೊಂದಕ್ಕೆ ನಿಂತಿದ್ದವು. ಕೆಳಗೆ ಇರುವೆಕಾಲಿನ ಅಕ್ಷರದಲ್ಲಿ ಎರಡು ಸಾಲು.

"ಭಾವ ಊಟಕ್ಕೆ ಬಾಗಿಲು ಬಡಿಯುತ್ತಿದ್ದಾರೆ. ಪಾಪ, ಹಸಿದಿದ್ದಾರೆ. ನಿಲ್ಲಿಸಿದೆ. ಮುಂದಿನ ಸಲ ಕೊನೆಯವರೆಗೂ ನೋಡಬೇಕು."

ಅಕ್ಕ, "ಏನಂತೆ?" ಎಂದು ಕೇಳಿದಳು. ಭಾವ ಪುಸ್ತಕವನ್ನು ಆಕೆಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ಆಕೆ ಓದಿದಳು. ಆ ಬಡಿತ ಭಾವನಿಗೆ ಚೆನ್ನಾಗಿ ನೆನಪಿತ್ತು. ಮುಷ್ಟಿಯಿಂದ ಬಡಿದು, ಒಳಗೇ ಸತ್ತೆಯಾ ಎಂದೂ ಕೇಳಿದ್ದರು.

ನಾಲ್ಕು ಗಂಟೆಗೆ ದೊಡ್ಡ ಮೇಡಂ ಬಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಒಂದೊಂದೇ ದಿಬ್ಬವನ್ನು ಮುಟ್ಟಿದರು.

"ಮೂರಾ?"

"ಮೂರು."

"ಗುಣ ಮಾಡೋದು ಒಂದು, ತುರಿಸೋದು ಒಂದು. ಮೂರನೆಯದು?"

"ಗೊತ್ತಿಲ್ಲ. ನಳಿಕೆಗಳನ್ನು ಮುಚ್ಚಿ ಇಟ್ಟಿದೆ. ಒಂದೊಂದನ್ನೂ ಬೇರೆ ಬೇರೆ ಹಚ್ಚಿ ನೋಡಿದರೆ ಗೊತ್ತಾಗುತ್ತೆ. ನಿಧಾನ ಆಗುತ್ತೆ."

"ಹಾಗಾದರೆ ಒಂದೇ ಅನ್ನೋದನ್ನು ವರದಿಯಿಂದ ತೆಗೀತೀನಿ. ಕೆಲಸ ಮುಂದುವರಿಸಬೇಕು ಅಂತ ಬರೀತೀನಿ. ಕಂಡುಹಿಡಿದವರು ಅಂತ ನಿಮ್ಮಿಬ್ಬರ ಹೆಸರೂ ಹಾಕಲಾ, ಭಾವನವರೇ?"

"ಅವನದೊಂದು ಹಾಕಿ," ಎಂದರು ಭಾವ. "ನಾನು ಬಾಗಿಲು ಬಡಿದವನು, ಅಷ್ಟೇ."

ಮೇಡಂಗೆ ಅರ್ಥವಾಗಲಿಲ್ಲ, ಅಕ್ಕನ ಮುಖ ನೋಡಿ ಮತ್ತೆ ಕೇಳಲೂ ಇಲ್ಲ. ಇಬ್ಬರು ಹೆಂಗಸರೂ ಹೊರಗೆ ಹೋದ ಮೇಲೆ ಭಾವ ಕೊಳವೆಯ ತಿರುಪನ್ನು ಮುಚ್ಚಿದರು. ಕುಲಾವಿ ತೆಗೆದು ಕೈಯಲ್ಲಿ ಹಿಡಿದು, ಆ ಚಳಿಯಲ್ಲೇ ಕಣ್ಣು ಮುಚ್ಚಿ ನಿಂತರು.

"ದೇವರೇ, ನಿನ್ನ ಹತ್ತಿರ ಬಂದಿರುವವನು ಒಳ್ಳೆಯವನು. ಅವನಿಗೆ ಏನು ಕೆಲಸ ಕೊಟ್ಟರೂ ಬೇಕಾದಷ್ಟು ಹೊತ್ತು ಕೊಡು. ಅವನು ಎಣಿಸುತ್ತಿದ್ದರೆ ಮಾತಾಡಿಸಬೇಡ. ಅವಸರ ಮಾಡುವವರು ಯಾರೂ ಅಲ್ಲಿ ಇರದಿರಲಿ, ನಾನು ಬರುವವರೆಗಾದರೂ. ನಾನು ಆಡಿದ ಮಾತು ಅವನ ಕಿವಿಗೆ ಬಿದ್ದಿದ್ದರೆ ಅದನ್ನು ತೊಳೆದುಬಿಡು. ಅವನ ಜೀವಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು."